ಸೀಡ್ ಮನಿ ಅರ್ಜಿ: ಜರ್ಮನಿ ಪ್ರೊಫೆಸರ್ ಹೂಂ ಅಂದಿದಾರೆ, ಮುಂದೇನು?

ನವಣೆ ಮೇಡಂ, ದಾವಣಗೆರೆ:
ಎಲ್ರಿಗೂ ನಮಸ್ಕಾರ. ನಮ್ಮ ಯೂನಿವರ್ಸಿಟಿಲಿ ಫಾರಿನ್ ಕೊಲ್ಯಾಬರೇಷನ್‌ಗೆ ಅಂತ ಸೀಡ್ ಮನಿಗೆ (ಸಂಶೋಧನೆ ಶುರು ಮಾಡೋಕೆ ಕೊಡೋ ಸಣ್ಣ ಅನುದಾನ) ಅರ್ಜಿ ಕರ್ದಿದಾರೆ, ಎರಡು ಲಕ್ಷ, ಒಂದು ವರ್ಷ. ನಂದು ನವಣೆ ಬರ ತಡ್ಕೊಳ್ಳೋದ್ರ ಮೇಲೆ ಕೆಲ್ಸ, ಜರ್ಮನಿಯ ಒಬ್ರು ಪ್ರೊಫೆಸರ್ ಮೇಲ್‌ನಲ್ಲಿ ಹೂಂ ಅಂದಿದಾರೆ. ಬಜೆಟ್‌ನಲ್ಲಿ ಟ್ರಾವೆಲ್‌ಗೇ ಜಾಸ್ತಿ ಇಡ್ಲಾ?

ಬೆಣ್ಣೆದೋಸೆ:
ಬೇಡ ಮೇಡಂ. ಸೀಡ್ ಅಂದ್ರೆ ಬಿತ್ತನೆ ಬೀಜ, ಅದನ್ನೇ ಹುರ್ಕೊಂಡು ತಿಂದ್ರೆ ಮುಗೀತು. ನಾನು ಹೋದ್ಸಲ ಅರ್ಧಕ್ಕಿಂತ ಜಾಸ್ತಿ ಟಿಕೆಟ್‌ಗೇ ಇಟ್ಟು, ವಾಪಸ್ ಬಂದ್ಮೇಲೆ ತೋರ್ಸೋಕೆ ಫೋಟೋ ಬಿಟ್ರೆ ಏನೂ ಇರ್ಲಿಲ್ಲ, ಅದ್ರ ಮೇಲೆ ಬೋರ್ಡಿಂಗ್ ಪಾಸ್ ಕಳ್ಕೊಂಡು ಬಿಲ್ಲು ಆರು ತಿಂಗ್ಳು ಫೈನಾನ್ಸ್ ಸೆಕ್ಷನ್‌ನಲ್ಲೇ ಕೂತಿತ್ತು. ಸಣ್ಣ ಪ್ರಯೋಗ ಮಾಡಿ ಪೈಲಟ್ ಡೇಟಾ ತಗೊಳ್ಳಿ, ಅದನ್ನ ಇಟ್ಕೊಂಡು ಸ್ಪಾರ್ಕ್ ತರದ್ದಕ್ಕೆ ಹಾಕಿ. 2018ರಲ್ಲಿ ಶುರುವಾದ ಕೇಂದ್ರದ ಸ್ಕೀಮು, ಫಾರಿನ್ ಸಂಸ್ಥೆಗಳ ಜೊತೆ ಜಂಟಿ ಸಂಶೋಧನೆಗೆ ಇರೋದು, ಐಐಟಿ ಖರಗ್‌ಪುರ ನೋಡ್ಕೊಳ್ಳತ್ತೆ. ನಿಮ್ಮ ಸಂಸ್ಥೆಗೆ ಅರ್ಹತೆ ಐತಾ ಮೊದ್ಲು ನೋಡ್ಕಳಿ, ರ‍್ಯಾಂಕು ಗ್ರೇಡು ಎಲ್ಲಾ ಕೇಳ್ತಾರೆ.

ಕೋಟೆ ಕಲ್ಲು, ದುರ್ಗ:
ಬೀಜ ಅಂದಿದ್ದಕ್ಕೆ ನೆನಪಾಯ್ತು. ನವಣೆ ಬೀಜ ಕವರ್‌ಗೆ ಹಾಕಿ ಜರ್ಮನಿಗೆ ಪೋಸ್ಟ್ ಮಾಡ್ಬಿಟ್ಟೀರಾ ಹುಷಾರು! 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರತ್ತೆ, ಚೆನ್ನೈನಲ್ಲಿರೋ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ್ದು ನಿಯಮ ಕೇಳ್ಕೊಂಡೇ ಮುಂದುವರೀರಿ. ಅದಕ್ಕಿಂತ ಹೊಲದ ಕೆಲ್ಸ ಚಳ್ಳಕೆರೆ ಕಡೆನೇ ಮಾಡಿ, ಮಳೆ ಹೆಂಗೂ ಬರಲ್ಲ, ಬರದ ಟ್ರಯಲ್‌ಗೆ ಬೇರೆ ಊರು ಹುಡುಕ್ಬೇಕಾಗಿಲ್ಲ 😄 ಓಡಾಟಕ್ಕೆ ಡಿಎಸ್‌ಟಿ (ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆ), ಡಾಡ್ (ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ) ಎರಡರದ್ದೂ ಜಂಟಿ ಸ್ಕೀಮ್ ಐತಲ್ಲ, ಜರ್ಮನಿಗೇ ಇರೋದು.

ನವಣೆ ಮೇಡಂ, ದಾವಣಗೆರೆ:
ಅಯ್ಯೋ, ಅರ್ಧ ಕೆಜಿ ಬೀಜ ಪ್ಯಾಕ್ ಮಾಡಿ ಟೇಬಲ್ ಮೇಲೇ ಇಟ್ಟಿದ್ದೆ ಸರ್. ವಾಪಸ್ ಡಬ್ಬಿಗೆ ಹಾಕ್ದೆ.