ಹಳೇ ಹೈಬ್ರಿಡ್ ಸೈಕಲ್ಲಲ್ಲೇ ಮೊದಲ ಟ್ರಯಥ್ಲಾನ್ ಆಗುತ್ತಾ?

ಪ್ರಶ್ನೆ (ಮೈಸೂರಿನ ಸದಸ್ಯರು): ಮೇಡಂ, ನನಗೆ 41 ವರ್ಷ, ಬ್ಯಾಂಕ್ ಕೆಲಸ. ನಾಲ್ಕು ತಿಂಗಳಲ್ಲಿ ಒಲಿಂಪಿಕ್ ದೂರದ ಟ್ರಯಥ್ಲಾನ್ ಇದೆ: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಈಜು, ಓಟ ಪರವಾಗಿಲ್ಲ. ರಿಂಗ್ ರೋಡ್ ಒಂದು ಸುತ್ತು ಸೈಕಲ್ ಹೊಡೆದು ಬಂದರೆ ಮಾತ್ರ ಮಂಡಿ ಚಿಪ್ಪಿನ ಸುತ್ತ ನೋವು, ಕಿರುಬೆರಳು, ಉಂಗುರದ ಬೆರಳು ಜೋಮು. ಅಂಗಡಿಯವರು ಈಗಿರೋ ಹೈಬ್ರಿಡ್ (ನೇರ ಹ್ಯಾಂಡಲ್ಲಿನ ಸೈಕಲ್) ಬಿಟ್ಟು ಒಂದೂವರೆ ಲಕ್ಷದ ಕಾರ್ಬನ್ ಸೈಕಲ್ ತಗೊಳ್ಳಿ ಅಂತಾರೆ. ತಗೊಳ್ಳಲಾ?

ಉತ್ತರ (ಕೋಚ್): ಸರ್, ಸದ್ಯಕ್ಕೆ ಬೇಡ. ನೀವು ಹೇಳಿದ ಎರಡೂ ತೊಂದರೆ ಸೈಕಲ್ಲಿನ ಬೆಲೆಯಿಂದ ಬಂದದ್ದಲ್ಲ, ನೀವು ಕೂರುವ ರೀತಿಯಿಂದ ಬಂದಿರೋದು. ಅದನ್ನು ಸರಿಮಾಡದೆ ಕಾರ್ಬನ್ ತಗೊಂಡರೆ ಅದೇ ನೋವು ಹೊಸ ಸೈಕಲ್ಲಿಗೂ ಹತ್ತುತ್ತೆ.

ಮಂಡಿಯ ಮುಂಭಾಗ ನೋಯುತ್ತೆ ಅಂದರೆ ನಾನು ಮೊದಲು ನೋಡೋದು ಸೀಟಿನ ಎತ್ತರ. ಸಿಗ್ನಲ್‌ನಲ್ಲಿ ಎರಡೂ ಕಾಲು ನೆಲಕ್ಕೆ ಎಟುಕಲಿ ಅಂತ ಹೊಸಬರು ಸೀಟನ್ನು ತಗ್ಗಿಸಿಕೊಂಡಿರುತ್ತಾರೆ. ಆಗ ಪ್ರತಿ ತುಳಿತಕ್ಕೂ ಮಂಡಿ ವಿಪರೀತ ಮಡಚುತ್ತೆ. ಸೈಕಲ್ಲನ್ನು ಗೋಡೆಗೆ ಒರಗಿಸಿ ಹತ್ತಿ ಕೂತ್ಕೊಳ್ಳಿ. ಪೆಡಲ್ ತೀರಾ ಕೆಳಗೆ ಬಂದಾಗ ಹಿಮ್ಮಡಿ ಅದರ ಮೇಲಿಡಿ. ಕಾಲು ಪೂರ್ತಿ ನೇರವಾಗಬೇಕು. ಆಮೇಲೆ ಮುಂಗಾಲಲ್ಲಿ ತುಳಿದರೆ ಮಂಡಿ ತಾನಾಗೇ ಸ್ವಲ್ಪ ಬಾಗಿರುತ್ತೆ. ಸೊಂಟ ಆಚೀಚೆ ತೂಗಾಡಿದರೆ ಎತ್ತರ ಜಾಸ್ತಿಯಾಯಿತು ಅಂತ. ಒಂದು ಸಲಕ್ಕೆ 5 ಮಿ.ಮೀ. ಮಾತ್ರ ಏರಿಸಿ, ಸೀಟ್ ಪೋಸ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತಿಟ್ಟುಕೊಳ್ಳಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಫಿಸಿಯೋಗೆ ತೋರಿಸಲೇಬೇಕು.

ಬೆರಳು ಜೋಮು ಹಿಡಿಯೋದು ಅಂಗೈಯ ಅಂಚಲ್ಲಿ ನರ ಒತ್ತಿ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಮೇಲೆ ಬೀಳುತ್ತೆ. ಸೀಟನ್ನು ಸಮಮಟ್ಟಕ್ಕೆ ತನ್ನಿ, ಮೊಣಕೈ ಬಿಗಿಹಿಡಿಯಬೇಡಿ.

ದುಡ್ಡು ಹಾಕಲೇಬೇಕು ಅಂದರೆ ಒಳ್ಳೇ ಪ್ಯಾಡೆಡ್ ಶಾರ್ಟ್ಸ್‌ಗೆ ಹಾಕಿ (ಒಳಉಡುಪು ಇಲ್ಲದೆ ಹಾಕ್ಕೋಬೇಕು, ಇದನ್ನು ಯಾರೂ ಹೇಳಿಕೊಡಲ್ಲ). ಆಮೇಲೆ ಗುಬುಟಿಲ್ಲದ 28 ಅಥವಾ 32 ಮಿ.ಮೀ. ಟಯರ್, ಪ್ರೆಷರ್ ತೋರಿಸುವ ಪಂಪ್. ನಿಮ್ಮ ತೂಕ 70 ಕೆ.ಜಿ. ಆಸುಪಾಸಿದ್ದರೆ 28ರ ಟಯರಿಗೆ 75 ಪಿ.ಎಸ್.ಐ. ಸಾಕು. ಕಲ್ಲಿನ ಹಾಗೆ ಗಾಳಿ ತುಂಬಿದರೆ ಸೈಕಲ್ ಕುಪ್ಪಳಿಸುತ್ತೆ, ಕೈ ಇನ್ನಷ್ಟು ನೋಯುತ್ತೆ.

ಪ್ರಶ್ನೆ (ಅವರೇ): ಥ್ಯಾಂಕ್ಸ್ ಮೇಡಂ. ಇನ್ನೊಂದು, ಸೈಕಲ್ ಇಳಿದು ಓಡೋಕೆ ಹೋದರೆ ಕಾಲು ನನ್ನದೇ ಅಲ್ಲ ಅನ್ನಿಸುತ್ತೆ.

ಉತ್ತರ: ಎಲ್ಲರಿಗೂ ಹಾಗೇ ಸರ್. ಅದಕ್ಕೇ ಬ್ರಿಕ್ ಅಭ್ಯಾಸ, ಅಂದರೆ ಸೈಕಲ್ ಇಳಿದ ಕೂಡಲೇ ಓಡೋ ಅಭ್ಯಾಸ ಅಂತಿರೋದು. ವಾರಕ್ಕೊಮ್ಮೆ 20 ಕಿ.ಮೀ. ಸೈಕಲ್ ಮುಗಿಸಿ, ಬಾಗಿಲಲ್ಲೇ ಶೂ ರೆಡಿ ಇಟ್ಟಿದ್ದು ತಕ್ಷಣ 2 ಕಿ.ಮೀ. ಓಡಿ. ಕಾಫಿಗೆ ಕೂತರೆ ಆ ಅಭ್ಯಾಸದ ಪ್ರಯೋಜನ ಹೋಯಿತು. ಸೈಕಲ್ಲಿನ ಕೊನೇ 2 ಕಿ.ಮೀ. ಹಗುರ ಗೇರಿಗೆ ಇಳಿಸಿ, ನಿಮಿಷಕ್ಕೆ 90 ಸುತ್ತಿನ ಹತ್ತಿರ ತುಳಿಯಿರಿ. ಮೊದಲ ಕಿಲೋಮೀಟರ್ ವಾಚ್ ನೋಡುತ್ತಾ ಬೇಕಂತಲೇ ನಿಧಾನ ಓಡಿ. ಸೈಕಲ್ ವೇಗಕ್ಕೆ ಒಗ್ಗಿದ ಕಣ್ಣಿಗೆ ನೀವು ತೆವಳುತ್ತಿದ್ದೀರಿ ಅನ್ನಿಸುತ್ತೆ, ನಿಜಕ್ಕೂ ಹಾಗಿರಲ್ಲ. ಕ್ಲಿಪ್ ಪೆಡಲ್ (ವಿಶೇಷ ಶೂ ಸಿಕ್ಕಿಸಿಕೊಳ್ಳುವಂಥದ್ದು) ಈ ಸಲ ಬೇಡ, ಓಟದ ಶೂನಲ್ಲೇ ತುಳಿದರೆ ಬದಲಿಸುವ ಸಮಯವೂ ಉಳಿಯುತ್ತೆ.

ಪ್ರಶ್ನೆ (ಮಂಡ್ಯದ ಸದಸ್ಯರು): ನಾನು ಊರಿನ ಬಾವಿಯಲ್ಲಿ ಈಜು ಕಲಿತವನು, ತಲೆ ಎತ್ತಿಕೊಂಡೇ ಈಜ್ತೀನಿ. ನಡೆಯುತ್ತಾ? ಹಿಂದಿನ ರಾತ್ರಿ ಮುದ್ದೆ ಉಣ್ಣಬಹುದಾ?

ಉತ್ತರ: ನೀರಿನ ಭಯ ಇಲ್ಲದಿರೋದು ದೊಡ್ಡ ಆಸ್ತಿ ಅಣ್ಣ. ಆದರೆ ತಲೆ ಎತ್ತಿದರೆ ಕಾಲು ಮುಳುಗುತ್ತೆ, 1.5 ಕಿ.ಮೀ. ಹಾಗೆ ಎಳೆದರೆ ಸೈಕಲ್ಲಿಗೆ ಶಕ್ತಿ ಉಳಿಯಲ್ಲ. ಮುಖ ನೀರಲ್ಲಿಟ್ಟು ಪಕ್ಕಕ್ಕೆ ಉಸಿರು ತಗೊಳ್ಳೋದನ್ನು ಕಲಿಯಿರಿ. ಆರೆಂಟು ಕೈ ಬೀಸಿಗೊಮ್ಮೆ ಕಣ್ಣಷ್ಟೇ ನೀರಿಂದ ಮೇಲೆತ್ತಿ ಬೋಯ್ (ದಾರಿ ತೋರಿಸೋಕೆ ನೀರಲ್ಲಿ ತೇಲಿಬಿಟ್ಟ ಗುರುತು) ಎಲ್ಲಿದೆ ನೋಡಿಕೊಳ್ಳಿ, ಅಲ್ಲಿ ನಿಮ್ಮ ಬಾವಿ ಅಭ್ಯಾಸ ಕೈಹಿಡಿಯುತ್ತೆ. ಮುದ್ದೆಯಲ್ಲಿ ನಾರು ಜಾಸ್ತಿ, ರೇಸಲ್ಲಿ ಹೊಟ್ಟೆಗೆ ತೊಂದರೆ ಕೊಡಬಹುದು, ಆ ರಾತ್ರಿ ಅನ್ನ, ತಿಳಿಸಾರು, ಮೊಸರು ಸಾಕು. ಮುದ್ದೆ ರೇಸ್ ಮುಗಿದ ಮೇಲೆ. ಇಬ್ಬರಿಗೂ ಇನ್ನೊಂದು ಮಾತು: ರೇಸಲ್ಲಿ ಈಜು ಮುಗಿಸಿ ಬಂದು ಸ್ಟ್ಯಾಂಡಿನಿಂದ ಸೈಕಲ್ ತೆಗೆಯೋಕೆ ಮುಂಚೆ ಹೆಲ್ಮೆಟ್ ಪಟ್ಟಿ ಬಿಗಿದಿರಬೇಕು, ಇಲ್ಲದಿದ್ದರೆ ದಂಡ ಬೀಳುತ್ತೆ. ಮನೆಯಲ್ಲೂ ಅದೇ ಕ್ರಮದಲ್ಲಿ ಅಭ್ಯಾಸ ಮಾಡಿ.