ತಲೆಗೆ ಸಣ್ಣ ಕರೆಂಟು ಹಾಯಿಸಿದರೆ ಹೋದ ಮಾತು ಬರುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ತಂದೆಯವರಿಗೆ 68 ವರ್ಷ. ಏಳು ತಿಂಗಳ ಹಿಂದೆ ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಯಿತು. ಬಲಗೈ ಸಾಕಷ್ಟು ಸುಧಾರಿಸಿದೆ, ಮಾತು ಮಾತ್ರ ಸುಧಾರಿಸಿಲ್ಲ. ನಾವು ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ. ಆದರೆ ಬೀಗದ ಕೈ ಬೇಕಾದಾಗ "ಅದು... ಬಾಗಿಲಿಗೆ... ಹಿಂಗೆ" ಎಂದು ಕೈ ತಿರುಗಿಸಿ ತೋರಿಸುತ್ತಾರೆ, ಹೆಸರು ಬಾರದೆ ಸಿಟ್ಟಾಗುತ್ತಾರೆ. ಅಮೆರಿಕದಲ್ಲಿರುವ ನಮ್ಮ ಭಾವ, ತಲೆಗೆ ಕಟ್ಟಿಕೊಂಡರೆ ಮೆದುಳಿಗೆ ಸಣ್ಣ ವಿದ್ಯುತ್ ಕೊಡುವ ಪಟ್ಟಿಯೊಂದನ್ನು ಕಳಿಸುತ್ತೇನೆ ಎನ್ನುತ್ತಿದ್ದಾರೆ. ಅಮ್ಮನಿಗೆ ಇದು ಶಾಕ್ ಕೊಡುವ ಚಿಕಿತ್ಸೆ ಎಂಬ ಭಯ. ತರಿಸಿಕೊಳ್ಳಬಹುದೇ?

ಉತ್ತರ: ಮೊದಲು ಅಮ್ಮನವರ ಭಯದ ವಿಷಯ. ಮನೋರೋಗ ವಿಭಾಗದಲ್ಲಿ ಅರಿವಳಿಕೆ ಕೊಟ್ಟು ಮಾಡುವ ಇಸಿಟಿ ಎಂಬ ಶಾಕ್ ಚಿಕಿತ್ಸೆಯಲ್ಲಿ ಸುಮಾರು 800 ಮಿಲಿಆಂಪಿಯರ್ ವಿದ್ಯುತ್ತನ್ನು ಕೆಲವೇ ಸೆಕೆಂಡು ಹಾಯಿಸಿ, ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ನೀವು ಕೇಳುತ್ತಿರುವ ಟಿಡಿಸಿಎಸ್ ಎಂಬ ವಿಧಾನದಲ್ಲಿ ಹರಿಯುವುದು 1ರಿಂದ 2 ಮಿಲಿಆಂಪಿಯರ್, ಸುಮಾರು 20 ನಿಮಿಷ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಯ ಮೇಲಿಟ್ಟು ಪಟ್ಟಿ ಬಿಗಿಯುತ್ತಾರೆ; ರೋಗಿ ಎಚ್ಚರವಾಗಿಯೇ ಕುಳಿತಿರುತ್ತಾರೆ. ಆರಂಭದಲ್ಲಿ ಇರುವೆ ಹರಿದಂತೆ ಚುರುಗುಟ್ಟುತ್ತದೆ, ಕೆಲವರಿಗೆ ಚರ್ಮ ಕೆಂಪಾಗುತ್ತದೆ. ನಮ್ಮ ಕಡೆ ಹಿರಿಯರು ತಲೆಗೆ ಎಣ್ಣೆ ಹಚ್ಚಿಕೊಂಡು ಬಂದರೆ ಯಂತ್ರ ತಡೆ ಹೆಚ್ಚಾಗಿದೆ ಎಂದು ಸೂಚನೆ ಕೊಡುತ್ತದೆ, ಕೂದಲು ಬಿಡಿಸಿ ಚರ್ಮ ಒರೆಸಿ ಮತ್ತೆ ಶುರುಮಾಡಬೇಕಾಗುತ್ತದೆ.

ಇಷ್ಟು ಸಣ್ಣ ವಿದ್ಯುತ್ತಿಗೆ ನರಕೋಶವನ್ನು ಉದ್ದೀಪಿಸುವ ಶಕ್ತಿಯಿಲ್ಲ. ಅದರಲ್ಲೂ ಬಹುಪಾಲು ನೆತ್ತಿಯ ಚರ್ಮ ಮತ್ತು ತಲೆಬುರುಡೆಯಲ್ಲೇ ಹರಿದುಹೋಗುತ್ತದೆ. ಒಳಗೆ ತಲುಪಿದಷ್ಟು ಅಂಶ, ಈಗಾಗಲೇ ಕೆಲಸದಲ್ಲಿ ತೊಡಗಿರುವ ಕೋಶಗಳು ಪ್ರತಿಕ್ರಿಯಿಸುವುದನ್ನು ತುಸು ಸುಲಭ ಅಥವಾ ತುಸು ಕಷ್ಟ ಮಾಡುತ್ತದೆ, ಅಷ್ಟೆ. ಜರ್ಮನಿಯ ಗೋಟಿಂಗೆನ್‌ನಲ್ಲಿ ನಿಟ್ಷೆ ಮತ್ತು ಪೌಲಸ್ 2000ದಲ್ಲಿ ಇದನ್ನು ಕೈ ಚಲನೆಯ ಭಾಗದ ಮೇಲೆ ತೋರಿಸಿಕೊಟ್ಟ ನಂತರವೇ ಭಾಷೆಯ ಮೇಲಿನ ಪ್ರಯೋಗಗಳು ವೇಗ ಪಡೆದವು. ಆದ್ದರಿಂದ ರೋಗಿ ಸುಮ್ಮನೆ ಟಿವಿ ನೋಡುತ್ತಾ ಕುಳಿತಿರುವಾಗ ವಿದ್ಯುತ್ ಹಾಯಿಸಿದರೆ, ಯಾವ ಪದಕ್ಕಾಗಿ ಯಾವ ಕೋಶಗಳಿಗೆ ನೆರವಾಗಬೇಕೆಂಬುದು ಆ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ನಿಮ್ಮ ತಂದೆಯವರಂಥ ರೋಗಿಗಳ ಮೇಲೆಯೇ ನಡೆದ ಒಂದು ಮುಖ್ಯ ಅಧ್ಯಯನವನ್ನು ಹೇಳುತ್ತೇನೆ. ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಫ್ರಿಡ್ರಿಕ್ಸನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಇದರಲ್ಲಿ, ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದ್ದ 74 ಮಂದಿ ಅಫೇಸಿಯಾ (ಮೆದುಳಿನ ಹಾನಿಯಿಂದ ಮಾತು-ಭಾಷೆ ಕುಂದುವ ತೊಂದರೆ) ರೋಗಿಗಳಿಗೆ 15 ದಿನಗಳ ಹೆಸರಿಸುವ ತರಬೇತಿಯ ಜೊತೆಗೆ 1 ಮಿಲಿಆಂಪಿಯರ್ ವಿದ್ಯುತ್ ಕೊಟ್ಟರು. ಕೆಲವರಿಗೆ ನಿಜವಾದದ್ದು, ಉಳಿದವರಿಗೆ ಹುಸಿಯದು. ಹುಸಿ ಎಂದರೆ, ಚುರುಗುಟ್ಟುವಷ್ಟು ಹೊತ್ತು ಹರಿಸಿ ರೋಗಿಗೆ ತಿಳಿಯದಂತೆ ನಿಲ್ಲಿಸಿಬಿಡುವುದು. ನಿಜವಾದ ವಿದ್ಯುತ್ ಪಡೆದವರು ಮೊದಲಿಗಿಂತ ಸರಾಸರಿ 13.9 ಪದಗಳನ್ನು ಹೆಚ್ಚಾಗಿ ಹೇಳಿದರು. ಹುಸಿ ಪಡೆದವರು 8.2 ಪದಗಳನ್ನು. ಈ ವ್ಯತ್ಯಾಸ ಮುಂದಿನ ದೊಡ್ಡ ಪ್ರಯೋಗಕ್ಕೆ ಕಾರಣವಾಗಬಲ್ಲದೇ ಹೊರತು ಚಿಕಿತ್ಸೆ ಸಾಬೀತಾಯಿತು ಎನ್ನಲು ಸಾಲದು. ನನ್ನ ಕಣ್ಣು ಮಾತ್ರ ಆ 8.2ರ ಮೇಲೆಯೇ ನಿಲ್ಲುತ್ತದೆ: ಅದು ತರಬೇತಿಯೊಂದರಿಂದಲೇ ಬಂದ ಗಳಿಕೆ. ಇನ್ನೂ ಒಂದು ಮಾತು, ಆ ಅಧ್ಯಯನದಲ್ಲಿ ಸ್ಪಂಜನ್ನು ಎಲ್ಲರಿಗೂ ಒಂದೇ ಜಾಗದಲ್ಲಿ ಇಡಲಿಲ್ಲ. ಪ್ರತಿಯೊಬ್ಬರ ಸ್ಕ್ಯಾನ್ ನೋಡಿ, ಹೆಸರಿಸುವಾಗ ಎಡ ಮೆದುಳಿನ ಯಾವ ಭಾಗ ಇನ್ನೂ ಕೆಲಸ ಮಾಡುತ್ತಿದೆಯೋ ಅದರ ಮೇಲೆ ಇಟ್ಟರು. ಎಲ್ಲ ತಲೆಗಳಿಗೂ ಒಂದೇ ಅಳತೆಯಲ್ಲಿ ಬರುವ ಪಟ್ಟಿ ಈ ಕೆಲಸವನ್ನು ಹೇಗೆ ಮಾಡೀತು?

ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ಕಾಕ್ರೇನ್ ವಿಮರ್ಶೆಯ ತೀರ್ಮಾನವೂ ಇದೇ ದಾರಿಯದು: ನಾಮಪದಗಳನ್ನು ಹೇಳುವುದರಲ್ಲಿ ಸ್ವಲ್ಪ ಲಾಭ ಇರಬಹುದು, ದಿನನಿತ್ಯದ ಸಂವಹನ ಸುಧಾರಿಸುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಆ ಪಟ್ಟಿಯನ್ನು ತರಿಸಬೇಡಿ ಎಂಬುದು ನನ್ನ ಸಲಹೆ. ಸ್ಟ್ರೋಕ್ ನಂತರ ಫಿಟ್ಸ್ ಬಂದಿದ್ದರೆ, ತಲೆಬುರುಡೆ ತೆರೆದು ಶಸ್ತ್ರಚಿಕಿತ್ಸೆ ಆಗಿದ್ದರೆ, ತಲೆಯೊಳಗೆ ಕ್ಲಿಪ್ಪೋ ಎದೆಯಲ್ಲಿ ಪೇಸ್‌ಮೇಕರೋ ಇದ್ದರೆ ನರರೋಗ ತಜ್ಞರನ್ನು ಕೇಳದೆ ಅದನ್ನು ಮುಟ್ಟಲೇಬಾರದು.

ಪ್ರಶ್ನೆ (ಗುಂಪಿನ ಇನ್ನೊಬ್ಬ ಸದಸ್ಯರು): ಮೇಡಂ, ನಾನು ಮ್ಯೂನಿಕ್‌ನಲ್ಲಿ ಓದುತ್ತಿದ್ದೇನೆ. ಜರ್ಮನ್ ಬೇಗ ಕಲಿಯಲು ಇಂಥ ಸಾಧನ ನೆರವಾಗುವುದೇ?

ಉತ್ತರ: ಆರೋಗ್ಯವಂತರಲ್ಲಿ ಹೊಸ ಪದ ಕಲಿಕೆ ಚುರುಕಾಯಿತೆಂದ ಸಣ್ಣ ಅಧ್ಯಯನಗಳಿವೆ, ಒಂದೇ ಬಾರಿ ವಿದ್ಯುತ್ ಕೊಟ್ಟ ಪ್ರಯೋಗಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದ ಹೊರ್ವಾತ್ ಮತ್ತು ಸಂಗಡಿಗರಿಗೆ ಭರವಸೆ ಇಡಬಹುದಾದ ಪರಿಣಾಮ ಕಾಣಲಿಲ್ಲ, ಆ ಲೆಕ್ಕದ ವಿಧಾನವನ್ನು ಬೇರೆಯವರು ಪ್ರಶ್ನಿಸಿದರು. ವಾದ ಮುಗಿಯುವವರೆಗೆ ಆ ಹಣವನ್ನು ಜರ್ಮನ್ ತರಗತಿಗೆ ಕಟ್ಟಿ.

ಪ್ರಶ್ನೆ (ಮೊದಲು ಕೇಳಿದವರು): ಹಾಗಾದರೆ ಮನೆಯಲ್ಲಿ ನಾವೇನು ಮಾಡಬೇಕು, ಮೇಡಂ? ಏಳು ತಿಂಗಳು ಕಳೆದಿದೆ, ತಡವಾಯಿತೇ?

ಉತ್ತರ: ತಡವಾಗಿಲ್ಲ. ಮೇಲಿನ ಅಧ್ಯಯನದಲ್ಲಿದ್ದವರೆಲ್ಲರೂ ಆರು ತಿಂಗಳು ದಾಟಿದವರೇ. ವಾಕ್ ಚಿಕಿತ್ಸಕರು ಮೊದಲು ಅಫೇಸಿಯಾ ಯಾವ ಬಗೆಯದು, ಎಷ್ಟು ತೀವ್ರ ಎಂದು ಅಳೆಯುತ್ತಾರೆ. ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆಯ ಕನ್ನಡ ರೂಪವೂ ಇದೆ. ಮೈಸೂರು ನಿಮಗೆ ಹತ್ತಿರವಾದರೆ ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು.

ಮನೆಯಲ್ಲಿ, ಅವರಿಗೆ ನಿಜವಾಗಿ ಬೇಕಾಗುವ ಇಪ್ಪತ್ತು ವಸ್ತುಗಳನ್ನು ಆರಿಸಿಕೊಳ್ಳಿ: ಬೀಗದ ಕೈ, ಕನ್ನಡಕ, ಮಾತ್ರೆ, ಟವೆಲ್ಲು, ಮೊಮ್ಮಕ್ಕಳ ಹೆಸರು. ವಸ್ತುವನ್ನು ಕೈಗೆ ಕೊಟ್ಟು ಹತ್ತು ಸೆಕೆಂಡು ಸುಮ್ಮನಿರಿ. ಬಾರದಿದ್ದರೆ "ಬಾಗಿಲು ಹಾಕಿದ ಮೇಲೆ ಏನು ಹಾಕ್ತೀವಿ?" ಎಂದು ಕೇಳಿ. ಆಗಲೂ ಬಾರದಿದ್ದರೆ "ಬೀ..." ಎಂದು ಮೊದಲ ಅಕ್ಷರ ಹೇಳಿ ಕಾಯಿರಿ. ಕೊನೆಗೆ ಮಾತ್ರ ಪೂರ್ತಿ ಪದ ಹೇಳಿ, ಅವರಿಂದಲೂ ಹೇಳಿಸಿ. ಸಿಟ್ಟು ಬಂದ ಕೂಡಲೇ ಅಂದಿನ ಅಭ್ಯಾಸ ನಿಲ್ಲಿಸಿ, ಅವರಿಗೆ ಸುಲಭವಾಗಿ ಬರುವ ಪದವೊಂದನ್ನು ಹೇಳಿಸಿ ಮುಗಿಸಿ. ಚಿಕಿತ್ಸಕರ ಬಳಿ ಹೋಗುವಾಗ ಡಿಸ್ಚಾರ್ಜ್ ಸಾರಾಂಶ ಮತ್ತು ಸ್ಕ್ಯಾನ್ ಜೊತೆಗೆ, ಯಾವ ಪದ ಯಾವ ಸುಳುಹಿಗೆ ಬಂತು ಎಂದು ಬರೆದಿಟ್ಟ ಪುಸ್ತಕವನ್ನೂ ಒಯ್ಯಿರಿ.