ಸ್ಲೀವ್ ತೊಟ್ಟು ನಾಯಿಯೆದುರು ನಿಲ್ಲುವವನಿಗೆ ಹಣ ಕೊಡಬೇಕೆ? ಲೈಸೆನ್ಸ್ ಯಾರು ಕೊಡಬೇಕು?

ಯಲಹಂಕ ಮೈದಾನ:
ಬೆಂಗಳೂರಿನ ಉತ್ತರಕ್ಕೆ ಭಾನುವಾರ ಬೆಳಿಗ್ಗೆ ಸೇರುವ ಸಣ್ಣ ಗುಂಪು ನಮ್ಮದು. ಐಜಿಪಿ ಅನ್ನುವ ನಾಯಿ ಕ್ರೀಡೆ ಆಡುತ್ತೇವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಜಾಡು ಹಿಡಿಯುವುದು, ವಿಧೇಯತೆ, ರಕ್ಷಣೆ ಅಂತ ಮೂರು ಭಾಗ. ಒಂದೊಂದಕ್ಕೂ 100 ಅಂಕ, ಒಂದೊಂದರಲ್ಲೂ ಕನಿಷ್ಠ 70 ಬರಬೇಕು. ಮೊದಲ ಎರಡನ್ನು ನಾಯಿ ಸಾಕಿದವರು ತಾವೇ ಕಲಿಸಿಕೊಳ್ಳಬಹುದು. ಮೂರನೆಯದಕ್ಕೆ ಹೆಲ್ಪರ್ ಬೇಕೇ ಬೇಕು. ತೋಳಿಗೆ ಸೆಣಬಿನ ದಪ್ಪ ಕವಚ, ಅಂದರೆ ಸ್ಲೀವ್, ತೊಟ್ಟು ನಾಯಿಯಿಂದ ಕಚ್ಚಿಸಿಕೊಳ್ಳುವವನು ಅವನೇ.

ನಮ್ಮ ಹೆಲ್ಪರ್ ಹೋದ ತಿಂಗಳಿಂದ ನಾಯಿಗೆ ಇಷ್ಟು ಅಂತ ಹಣ ಕೇಳುತ್ತಿದ್ದಾರೆ. ಗುಂಪಿನಲ್ಲಿ ಅರ್ಧ ಜನ, "ಕ್ಲಬ್ ಅಂದ ಮೇಲೆ ದುಡ್ಡೇನು, ಜರ್ಮನಿಯಲ್ಲಿ ಎಲ್ಲರೂ ಪುಕ್ಕಟೆ ಮಾಡ್ತಾರೆ" ಅನ್ನುತ್ತಿದ್ದಾರೆ. ನನ್ನ ಪ್ರಕಾರ ಹಣ ಕೊಡಲೇಬೇಕು. 35 ಕಿಲೋ ತೂಕದ ಮಾಲಿನ್ವಾ ತಳಿಯ ನಾಯಿ ಮೈದಾನದ ಆ ತುದಿಯಿಂದ ಪೂರ್ತಿ ವೇಗದಲ್ಲಿ ಬಂದು ಎಗರಿದಾಗ ಹಿಡಿಯುವುದು ಆ ಮನುಷ್ಯ. ಭುಜ, ಮೊಣಕಾಲು, ಸೊಂಟ ಅವನದು. ಆದರೆ ಹಣ ಕೊಡುವವರು ಇನ್ನೊಂದನ್ನೂ ಕೇಳಬೇಕು: ಇವನಿಗೆ ಈ ಕೆಲಸ ಬರುತ್ತದೆ ಅಂತ ಪರೀಕ್ಷೆ ಮಾಡಿ ಹೇಳಿದವರು ಯಾರು? ನಮ್ಮಲ್ಲಿ ಯಾರೂ ಇಲ್ಲ. ಎರಡನ್ನೂ ಒಟ್ಟಿಗೇ ಮಾತಾಡೋಣ.

ರಾಟಿ ಮನೆ, ಮೈಸೂರು:
ಹಣದ ಮಾತು ಒಪ್ಪಿದೆ. ಲೈಸೆನ್ಸ್ ಮಾತ್ರ ಬೇಡ ಸರ್. 2024ರ ಮಾರ್ಚ್‌ನಲ್ಲಿ ಕೇಂದ್ರದ ಸುತ್ತೋಲೆ ಬಂತಲ್ಲ, 23 ತಳಿ ಸಾಕಬೇಡಿ ಅಂತ, ಅದರಲ್ಲಿ ನಾವು ಸಾಕುವ ರಾಟ್‌ವೈಲರ್ ಹೆಸರೂ ಇತ್ತು. ಆ ಏಪ್ರಿಲ್ 10ಕ್ಕೆ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡುವ ತನಕ ನಾವು ನಿದ್ದೆ ಮಾಡಿದ್ದು ದೇವರಿಗೇ ಗೊತ್ತು. ಸಂಬಂಧಪಟ್ಟವರನ್ನು ಒಂದು ಮಾತು ಕೇಳದೆ ಹೊರಡಿಸಿದ್ದ ಸುತ್ತೋಲೆ ಅದು. ಕಚ್ಚುವ ತರಬೇತಿಗೆ ಲೈಸೆನ್ಸ್ ಕೊಡಿ ಅಂತ ಇದೇ ಜನರ ಮುಂದೆ ಹೋದರೆ, ಕೊಡುವುದಕ್ಕಿಂತ ನಿಷೇಧಿಸುವುದು ಸುಲಭ ಅನ್ನುತ್ತಾರೆ.

ಇನ್ನೊಂದು ಮಾತು. ನನ್ನ ನಾಯಿಗೆ ಕಲಿಸಿದವರು ಏಳನೇ ಕ್ಲಾಸು ದಾಟಿಲ್ಲ. ನಾಯಿಯ ಕಿವಿ ನೋಡಿ ಅದರ ಮನಸ್ಸು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಪರೀಕ್ಷೆ ಇಟ್ಟರೆ ಮೊದಲು ಹೊರಗೆ ಹೋಗುವವರು ಅವರೇ.

ನೆಕ್ಕರ್ ತೀರದವ:
ಸ್ಟುಟ್‌ಗಾರ್ಟ್ ಹತ್ತಿರದ ಜರ್ಮನ್ ಶೆಫರ್ಡ್ ಸಂಘದ ಶಾಖೆಯೊಂದರಲ್ಲಿ ನಾನು ಸದಸ್ಯ. ಈ ಸಂಘ ಶುರುವಾದದ್ದು 1899ರಲ್ಲಿ. "ಜರ್ಮನಿಯಲ್ಲಿ ಪುಕ್ಕಟೆ" ಅನ್ನುವ ಮಾತು ಅರ್ಧ ಮಾತ್ರ ನಿಜ. ನಮ್ಮ ಹೆಲ್ಪರ್ ಸಂಬಳ ತೆಗೆದುಕೊಳ್ಳುವುದಿಲ್ಲ, ಹೌದು. ಆದರೆ ಸ್ಲೀವ್, ಪ್ಯಾಂಟು, ಮೈದಾನ ಸಂಘದ್ದು. ಹೊಸ ಹೆಲ್ಪರ್‌ಗೆ ಕಲಿಸಲು ಅನುಭವಿ ಹೆಲ್ಪರ್ ಬರುತ್ತಾರೆ, ಪರೀಕ್ಷೆ ಸಂಘವೇ ಮಾಡುತ್ತದೆ. ಹೆಲ್ಪರ್‌ನ ಸ್ವಂತ ನಾಯಿಗೆ ಬೇರೆ ಯಾರೋ ಹೆಲ್ಪರ್ ಆಗಿ ನಿಲ್ಲುತ್ತಾರೆ. ಸದಸ್ಯರೆಲ್ಲ ಸರದಿಯಲ್ಲಿ ಹುಲ್ಲು ಕೊಯ್ಯುತ್ತಾರೆ, ಅಡುಗೆ ಮಾಡುತ್ತಾರೆ. ಇಷ್ಟೆಲ್ಲ ಇದ್ದಾಗ ಪುಕ್ಕಟೆ ನಡೆಯುತ್ತದೆ. ಅದರಲ್ಲಿ ಒಂದೂ ಇಲ್ಲದ ಕಡೆ ಪುಕ್ಕಟೆ ದುಡಿಸಿಕೊಂಡರೆ ಅದು ಶೋಷಣೆ.

ಸಂಘದ ಹೊರಗೆ ವ್ಯವಹಾರವಾಗಿ ನಾಯಿ ತರಬೇತಿ ಕೊಡುವವರಿಗೆ 2014ರ ಆಗಸ್ಟ್ 1ರಿಂದ ಪ್ರಾಣಿ ರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅನುಮತಿ ಕಡ್ಡಾಯ. ಅದನ್ನು ಕೊಡುವುದು ಜಿಲ್ಲೆಯ ಪಶುವೈದ್ಯ ಕಚೇರಿ. ಬೇರೆಯವರ ನಾಯಿಗಳಿಗೆ ರಕ್ಷಣಾ ತರಬೇತಿ ಕೊಡುವುದನ್ನು ಅದೇ ಸೆಕ್ಷನ್ ಪ್ರತ್ಯೇಕವಾಗಿ ಹೆಸರಿಸುತ್ತದೆ. ಮುಳ್ಳುಪಟ್ಟಿ ಹಾಕಿ ತರಬೇತಿ ಕೊಡುವುದೂ 2022ರ ಜನವರಿಯಿಂದ ನಿಷಿದ್ಧ. ಕಾನೂನು ಬಿಗಿಯಾದರೂ ಕ್ರೀಡೆ ನಿಂತಿಲ್ಲ.

ಪಶುವೈದ್ಯೆ, ಧಾರವಾಡ:
ಕಾನೂನಿನ ಮಾತು ಆಮ್ಯಾಲೆ. ನಾ ನೋಡಿದ್ದನ್ನ ಹೇಳತೀನಿ. ಎರಡು ವರ್ಷದ ಶೆಫರ್ಡ್ ನನ್ನ ಟೇಬಲ್ ಮ್ಯಾಲೆ ಬಂತು. ಮ್ಯಾಲಿನ ಕೋರೆಹಲ್ಲು ಮುರದಿತ್ತು. ಮುರದ ತುದಿಯೊಳಗ ಗುಲಾಬಿ ಚುಕ್ಕಿ ಕಾಣತಿತ್ತು, ಅಂದ್ರ ಹಲ್ಲಿನ ಜೀವನಾಳ ಬಾಯಿಬಿಟ್ಟಿತ್ತು. ಸಂದಿಯೊಳಗ ಸೆಣಬಿನ ಎಳಿ ಹಂಗ ಸಿಕ್ಕೊಂಡಿದ್ವು. ಟ್ರೇನರ್ ಕೈ ಸೆಟದು ನಿಂತಿದ್ದ, ನಾಯಿ ಇನ್ನೂ ಜೋತಾಡತಿರಬೇಕಾದ್ರ ಸ್ಲೀವ್ ಜಗ್ಗಿದ. ಮಾಲಕರು ನನಗ ಮೊಬೈಲಿನ್ಯಾಗ ವಿಡಿಯೋ ತೋರಿಸಿದ್ರು, ಹೆಮ್ಮಿಲೆ ತಗದ ವಿಡಿಯೋ ಅದು.

ಮರಿಗಳ ಕತಿ ಇನ್ನೂ ಕೆಟ್ಟದ್ದು. ನಾಕರಿಂದ ಆರು ತಿಂಗಳಿನ್ಯಾಗ ಹಾಲುಹಲ್ಲು ಬಿದ್ದು ಹೊಸಾವು ಬರತಾವು. ಆವಾಗ ಗಟ್ಟಿ ಸ್ಲೀವ್ ಬಾಯಿಗೆ ಕೊಟ್ರ ಅದಕ್ಕ ಕಚ್ಚೂದಂದ್ರ ನೋವು ಅಂತ ಕಲಿಸಿದಂಗ. ಇಷ್ಟು ತಿಳೀಲಾರದವ ರೊಕ್ಕ ತಗೋತಾನ, ಯಾರೂ ಕೇಳಂಗಿಲ್ಲ. ನನಗಂತೂ ಲೈಸೆನ್ಸ್ ಬೇಕ ಬೇಕು.

ಖಾಕಿ ಹ್ಯಾಂಡ್ಲರ್:
ನಿವೃತ್ತ. ಇಲಾಖೆಯ ಶ್ವಾನದಳದಲ್ಲಿದ್ದವನು. ನಮ್ಮಲ್ಲಿ ಸ್ಲೀವ್ ತೊಡುವವನು ಸಹೋದ್ಯೋಗಿ. ಸಂಬಳ ಬರುತ್ತೆ, ಗಾಯವಾದರೆ ಇಲಾಖೆ ನೋಡಿಕೊಳ್ಳುತ್ತೆ. ಖಾಸಗಿಯಲ್ಲಿ ಅದೇ ಕೆಲಸ ಮಾಡುವ ಹುಡುಗನಿಗೆ ಭುಜ ಜಾರಿದರೆ ಮೂರು ತಿಂಗಳು ಮನೆಯಲ್ಲಿ ಕೂರಬೇಕು, ಆಸ್ಪತ್ರೆ ಬಿಲ್ಲೂ ಅವನದೇ. ಆದ್ದರಿಂದ ಹಣ ಕೊಡಬೇಕೆ ಅನ್ನುವ ಪ್ರಶ್ನೆ ನನಗೆ ಪ್ರಶ್ನೆಯೇ ಅಲ್ಲ.

ಆದರೆ ನಾಯಿಗೆ ಇಷ್ಟು ಅಂತ ಕೊಡಬೇಡಿ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನಾಯಿ ಲೆಕ್ಕದಲ್ಲಿ ಕೊಟ್ಟರೆ ಅವನು ಸುಸ್ತಾದರೂ ಇನ್ನೊಂದು, ಮತ್ತೊಂದು ಅಂತ ತೆಗೆದುಕೊಳ್ಳುತ್ತಾನೆ. ಸುಸ್ತಾದ ಹೆಲ್ಪರ್ ಓಡಿ ಬಂದ ನಾಯಿಯ ವೇಗವನ್ನು ಮೈ ತಿರುಗಿಸಿ ಹೀರಿಕೊಳ್ಳಲಾರ. ಕಂಬದಂತೆ ನಿಲ್ಲುತ್ತಾನೆ, ಪೆಟ್ಟೆಲ್ಲ ನಾಯಿಯ ಕತ್ತಿಗೆ. ಡಾಕ್ಟರಮ್ಮ ಹೇಳಿದ ಹಲ್ಲು ಮುರಿಯುವುದೂ ಹೀಗೇ. ಬೆಳಿಗ್ಗೆಗೆ ಇಷ್ಟು ಅಂತ ಕೊಡಿ, ನಾಯಿಗಳ ಸಂಖ್ಯೆಗೆ ಮಿತಿ ಹಾಕಿ.

ತುಲೂಸ್ ಕನ್ನಡತಿ:
ಫ್ರಾನ್ಸಿನ ವ್ಯವಸ್ಥೆಯನ್ನೂ ಹೇಳುತ್ತೇನೆ, ಜರ್ಮನಿಗಿಂತ ಬಿಗಿ. 1999ರ ಜನವರಿ 6ರ ಕಾನೂನಿನ ಪ್ರಕಾರ ಕಚ್ಚುವ ತರಬೇತಿಗೆ ಅವಕಾಶ ಇರುವುದು ಎರಡೇ ಕಡೆ: ಕೃಷಿ ಸಚಿವಾಲಯದ ಮಾನ್ಯತೆ ಪಡೆದ ಸಂಘದೊಳಗೆ, ಇಲ್ಲವೇ ಕಾವಲು, ಹಣ ಸಾಗಣೆಯಂಥ ಭದ್ರತಾ ಕೆಲಸದಲ್ಲಿ. ತರಬೇತುದಾರನ ಹತ್ತಿರ ಸಾಮರ್ಥ್ಯ ಪ್ರಮಾಣಪತ್ರ ಇರಬೇಕು. ನನಗೆ ತುಂಬಾ ಹಿಡಿಸಿದ ಅಂಶ ಇದು: ಆ ಪತ್ರ ಇಲ್ಲದವನು ಇಂಥ ತರಬೇತಿಯ ಸಾಮಾನನ್ನೇ ಕೊಳ್ಳುವಂತಿಲ್ಲ. ಅಂಗಡಿಯವನು ಪತ್ರ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ನಮ್ಮಲ್ಲಿ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಸ್ಲೀವ್ ತರಿಸಿ, ಮಾರನೇ ದಿನ ಟ್ರೇನರ್ ಅಂತ ಬೋರ್ಡ್ ಹಾಕಬಹುದು.

ರಾಟಿ ಮನೆ, ಮೈಸೂರು:
ಮೇಡಂ, ಅಲ್ಲಿ ಕಾನೂನಿಗೆ ಮೊದಲೇ ಗಟ್ಟಿ ಸಂಘಗಳಿದ್ದವು. ಇಲ್ಲಿ ಪರೀಕ್ಷಿಸುವವರು ಯಾರು? ಸ್ಲೀವ್ ಮುಟ್ಟಿ ಗೊತ್ತಿಲ್ಲದ ಅಧಿಕಾರಿಯೇ? ಅವರು ಕೇಳುವುದು ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್, ಫೋಟೋ. ಡಾಕ್ಟರಮ್ಮ ಹೇಳಿದ ಆ ಟ್ರೇನರ್‌ಗೆ ಈ ಕಾಗದಗಳೆಲ್ಲ ಸುಲಭವಾಗಿ ಸಿಗುತ್ತವೆ. ಆಮೇಲೆ ಅವನು ಸರ್ಕಾರಿ ಮುದ್ರೆ ತೋರಿಸಿ ರೇಟು ಎರಡು ಪಟ್ಟು ಮಾಡುತ್ತಾನೆ.

ಯಲಹಂಕ ಮೈದಾನ:
ಈ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು, ಇದು ಗಟ್ಟಿ ಮಾತು. ನಮ್ಮ ಕಾನೂನು ಈಗ ಎಲ್ಲಿದೆ ನೋಡಿ. ನಾಯಿಮರಿ ಮಾರಾಟಕ್ಕೆ ತಳಿ ಬೆಳೆಸುವವನು 2017ರ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಸಾಕುಪ್ರಾಣಿ ಅಂಗಡಿಗೆ 2018ರ ನಿಯಮ ಇದೆ. ಅದೇ ನಾಯಿಗೆ ಮನುಷ್ಯನನ್ನು ಕಚ್ಚಲು ಕಲಿಸುವವನಿಗೆ ಲೈಸೆನ್ಸೇ ಬೇಕಿಲ್ಲ. ನಾಯಿ ಯಾರನ್ನಾದರೂ ಕಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಹಿಡಿಯುವುದು ನಾಯಿ ಯಾರ ವಶದಲ್ಲಿದೆಯೋ ಅವರನ್ನು: ಆರು ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಲಿಸಿ ಹಣ ಎಣಿಸಿಕೊಂಡು ಹೋದವನ ಹೆಸರು ಎಲ್ಲೂ ಬರುವುದಿಲ್ಲ. ತರಬೇತಿಯಲ್ಲಿ ನಾಯಿಯನ್ನು ಹಿಂಸಿಸಿದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕಿರುವ ದಂಡ 10ರಿಂದ 50 ರೂಪಾಯಿ.

ಅದಕ್ಕೇ ನಾನು ಎರಡು ಕೆಲಸಗಳನ್ನು ಬೇರೆ ಮಾಡಿ ಅನ್ನುತ್ತೇನೆ. ಸರ್ಕಾರ ನೋಂದಣಿ ಮಾತ್ರ ಮಾಡಲಿ: ಯಾರು, ಎಲ್ಲಿ ಕಲಿಸುತ್ತಾರೆ, ದೂರು ಬಂದರೆ ಯಾರ ಬಾಗಿಲು ತಟ್ಟಬೇಕು. ಕೌಶಲದ ಪರೀಕ್ಷೆ ಕ್ರೀಡೆ ಗೊತ್ತಿರುವವರದು, ಅದೂ ಮೈದಾನದಲ್ಲೇ. ಮರಿ ನಾಯಿ, ಅಂಜುವ ನಾಯಿ, ಬಲವಾದ ನಾಯಿ, ಮೂರನ್ನೂ ಕೊಟ್ಟು ಏನು ಮಾಡುತ್ತಾನೆ ನೋಡಬೇಕು. ಪ್ರಶ್ನೆಗಳನ್ನು ಕನ್ನಡದಲ್ಲಿ ಬಾಯಲ್ಲೇ ಕೇಳಲಿ. ನಿಮ್ಮ ಏಳನೇ ಕ್ಲಾಸಿನ ಗುರುಗಳು ಅದರಲ್ಲಿ ಮೊದಲು ಪಾಸಾಗುತ್ತಾರೆ. ಹಾಗೆ ನೋಡಿದರೆ ಪರೀಕ್ಷಕರ ಮೇಜಿನ ಹಿಂದೆ ಕೂರಬೇಕಾದವರು ಅವರು.

ರಾಟಿ ಮನೆ, ಮೈಸೂರು:
ಮೈದಾನದಲ್ಲಿ, ಬಾಯಲ್ಲಿ, ಕನ್ನಡದಲ್ಲಿ ಅಂದರೆ ಒಪ್ಪಬಹುದು. ನೋಂದಣಿಯ ನೆಪದಲ್ಲಿ ತಳಿಪಟ್ಟಿ ಒಳಗೆ ಬರುತ್ತದೆ ಅನ್ನುವ ಭಯ ಮಾತ್ರ ನನಗೆ ಹೋಗುವುದಿಲ್ಲ.

ಖಾಕಿ ಹ್ಯಾಂಡ್ಲರ್:
ಪರೀಕ್ಷೆಯಲ್ಲಿ ಇದೊಂದು ಇರಲೇಬೇಕು. ಐಜಿಪಿಯಲ್ಲಿ ಹೆಲ್ಪರ್ ಅಲ್ಲಾಡದೆ ನಿಂತರೆ ನಾಯಿ ಕಚ್ಚುವಂತಿಲ್ಲ, ಎದುರು ನಿಂತು ಬೊಗಳಿ ಕಾಯಬೇಕು. ಬಿಡು ಅಂದ ಕೂಡಲೇ ಬಿಡಬೇಕು. ತೋಟದ ಮನೆಯವರು "ಕಚ್ಚೋದು ಕಲಿಸಿ ಸಾಕು" ಅಂತ ಬಂದಾಗ ಬಿಡಿಸುವುದನ್ನು ಕಲಿಸದೆ ನಾಯಿ ವಾಪಸ್ ಕೊಡುವ ಟ್ರೇನರ್‌ಗಳನ್ನು ನೋಡಿದ್ದೇನೆ. ಅಂಥ ನಾಯಿ ಮುಂದೆ ಹಾಲಿನವನನ್ನೋ ಪಕ್ಕದ ಮನೆ ಮಗುವನ್ನೋ ಹಿಡಿದರೆ ಬಿಡಿಸಲು ಮನೆಯವರಿಗೆ ಬರುವುದಿಲ್ಲ. ಬಿಡಿಸುವುದು ಕಲಿಸದವನಿಗೆ ಸ್ಲೀವ್ ಮುಟ್ಟಲು ಬಿಡಬಾರದು.

ನೆಕ್ಕರ್ ತೀರದವ:
ಕಾನೂನಿಗೆ ಕಾಯದೆ ಈಗಲೇ ಮಾಡಬಹುದಾದ್ದು ಹೇಳಲೇ? ಒಂದು ಪುಸ್ತಕ ಇಡಿ. ಯಾವ ದಿನ, ಯಾವ ನಾಯಿ, ಎಷ್ಟು ಸಲ ಕಚ್ಚಿಸಿದ್ದು, ಏನು ಕಲಿಸಿದ್ದು, ನಾಯಿಗೂ ಹೆಲ್ಪರ್‌ಗೂ ಗಾಯ ಏನಾದರೂ ಆಯಿತೇ. ನಾಳೆ ಪರೀಕ್ಷೆ ಅಂತ ಒಂದು ಬಂದರೆ ಅನುಭವಕ್ಕೆ ಸಾಕ್ಷಿ ಅದೇ.

ಪಶುವೈದ್ಯೆ, ಧಾರವಾಡ:
ಅದರಾಗ ಹಲ್ಲಿಗೆ ಒಂದು ಕಾಲಂ ಹಾಕ್ರಿ. ಪ್ರತಿ ಸಲ ಮೊದಲ ತುಟಿ ಎತ್ತಿ ನೋಡ್ರಿ, ಅರ್ಧ ನಿಮಿಷದ ಕೆಲಸ.

ಯಲಹಂಕ ಮೈದಾನ:
ಹಾಕುತ್ತೇವೆ ಡಾಕ್ಟ್ರೇ. ಹಣದ ವಿಚಾರಕ್ಕೆ ಬಂದರೆ, ಖಾಕಿ ಸರ್ ಹೇಳಿದ ಹಾಗೆ ನಾಯಿ ಲೆಕ್ಕ ಬಿಟ್ಟು ಬೆಳಿಗ್ಗೆಯ ಲೆಕ್ಕದಲ್ಲಿ ಕೊಡೋಣ ಅಂತ ಗುಂಪಿನ ಮುಂದಿಡುತ್ತೇನೆ. ಒಂದು ಬೆಳಿಗ್ಗೆಗೆ ಎಂಟು ನಾಯಿಗಿಂತ ಹೆಚ್ಚಿಲ್ಲ. ಹೆಲ್ಪರ್ ಹೆಸರಿನಲ್ಲಿ ಅಪಘಾತ ವಿಮೆ, ಕಂತು ಗುಂಪಿನದು.

ಖಾಕಿ ಹ್ಯಾಂಡ್ಲರ್:
ವಿಮೆ ಮಾಡಿಸುವಾಗ ಯಾವ ಯಾವ ಗಾಯಕ್ಕೆ ಹಣ ಬರುವುದಿಲ್ಲ ಅನ್ನುವ ಪುಟವನ್ನು ಮೊದಲು ಓದಿ. ಅಪಾಯದ ಕ್ರೀಡೆ ಅಂತ ಬಿಟ್ಟಿರುವ ಪಾಲಿಸಿಗಳಿವೆ. ಏನು ಕೆಲಸ ಅಂತ ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಸಿ.